ಒಂದು ಹರಳು, ಎರಡು ತೀರ್ಪು

2019ರಲ್ಲಿ ಭೌತವಿಜ್ಞಾನಿಗಳ ನಡುವೆ ಮಿರುಗುವ ಪುಟ್ಟ ಹರಳೊಂದು ಏಕಾಏಕಿ ಹೆಸರು ಮಾಡಿತು. ಒಂದು ಪಾಲು ಯುರೋಪಿಯಂ, ಎರಡು ಪಾಲು ಕ್ಯಾಡ್ಮಿಯಂ, ಎರಡು ಪಾಲು ಆರ್ಸೆನಿಕ್ ಕೂಡಿ ಆದ ಹರಳು ಅದು. 1.6 ಟೆಸ್ಲಾಗಿಂತ ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟರೆ ಇದು 'ವೈಲ್ ಅರೆಲೋಹ'ವಾಗುತ್ತದೆ, ಅದರಲ್ಲೂ ಇರಬಹುದಾದಷ್ಟು ಸರಳವಾದ ವೈಲ್ ಅರೆಲೋಹ ಎಂದು ಒಂದು ತಂಡ ಪ್ರಕಟಿಸಿತು. ಪುರಾವೆಗೇನೂ ಕೊರತೆ ಇರಲಿಲ್ಲ. ಕಂಪ್ಯೂಟರ್ ಲೆಕ್ಕಾಚಾರ ಹಾಗೆ ಹೇಳುತ್ತಿತ್ತು, ಬೆಳಕು ಹಾಯಿಸಿ ಎಲೆಕ್ಟ್ರಾನುಗಳನ್ನು ಹೊರಕ್ಕೆಳೆದು ತೆಗೆದ ಚಿತ್ರಗಳು ಅದಕ್ಕೆ ಒಪ್ಪುತ್ತಿದ್ದವು, ಹರಳಿನ ವಿದ್ಯುತ್ ರೋಧದಲ್ಲಿ ಕಂಡ ಕ್ವಾಂಟಮ್ ಏರಿಳಿತಗಳೂ ಜೊತೆಗಿದ್ದವು.

ನಾಲ್ಕು ವರ್ಷಗಳ ನಂತರ, 2023ರಲ್ಲಿ, ಇನ್ನೊಂದು ತಂಡ ಅದೇ ಹರಳನ್ನು ಮತ್ತೆ ಪರೀಕ್ಷಿಸಿ ಹೇಳಿದ್ದು: ಇದು ವೈಲ್ ಅರೆಲೋಹವಲ್ಲ, ಅರೆಲೋಹವೇ ಅಲ್ಲ, ಜರ್ಮೇನಿಯಂನಂಥ ಅಪ್ಪಟ ಅರೆವಾಹಕ.

ಹಾಗಾದರೆ ಮೊದಲನೆಯವರು ಅಳೆದದ್ದು ಏನನ್ನು? ಅವರ ಅಳತೆ ತಪ್ಪಾಗಿರಲಿಲ್ಲ ಎನ್ನುವುದೇ ಈ ಪ್ರಕರಣದ ಸೊಗಸು. ಕ್ವಾಂಟಮ್ ಏರಿಳಿತ ಎಂಬ ಸಾಕ್ಷಿ ಯಾವುದನ್ನು ಖಚಿತವಾಗಿ ಹೇಳುತ್ತದೆ, ಯಾವುದನ್ನು ನಾವೇ ಅದರ ಬಾಯಿಂದ ಹೇಳಿಸುತ್ತೇವೆ ಎಂಬುದನ್ನು ಬಿಡಿಸಿ ನೋಡಬೇಕು. ಅದಕ್ಕೆ 1930ರ ಹಾಲೆಂಡಿನಿಂದಲೇ ಶುರುಮಾಡುವುದು ಲೇಸು.

ಹಾಲೆಂಡಿನ ಲೈಡನ್ ಆಗ ಚಳಿಯ ರಾಜಧಾನಿ. 1908ರಲ್ಲಿ ಕ್ಯಾಮರ್ಲಿಂಗ್ ಓನೆಸ್ ಮೊತ್ತಮೊದಲು ಹೀಲಿಯಂ ಅನಿಲವನ್ನು ದ್ರವ ಮಾಡಿದ್ದು ಅಲ್ಲಿ. ಅವನ ನಂತರ ಪ್ರಯೋಗಾಲಯ ನಡೆಸುತ್ತಿದ್ದವರಲ್ಲಿ ಒಬ್ಬ ವಾಂಡರ್ ಡಿ ಹಾಸ್. ಮಹಾ ಭೌತವಿಜ್ಞಾನಿ ಲೊರೆಂಟ್ಸ್‌ನ ಅಳಿಯ, ಐನ್‌ಸ್ಟೈನ್ ಜೊತೆ ಕೂಡಿ ಪ್ರಯೋಗ ಮಾಡಿದ್ದವನು. ಅವನ ಬಳಿಗೆ ಲೆನಿನ್‌ಗ್ರಾಡಿನಿಂದ ಲೆವ್ ಶುಬ್ನಿಕೋವ್ ಎಂಬ ತರುಣ ಬಂದಿದ್ದ. ದೋಷವಿಲ್ಲದ ಹರಳು ಬೆಳೆಸುವುದರಲ್ಲಿ ಈತನದು ಎತ್ತಿದ ಕೈ. ಬಿಸ್ಮತ್ ಲೋಹವನ್ನು ಮತ್ತೆಮತ್ತೆ ಶುದ್ಧಗೊಳಿಸಿ, ಅದರ ಹರಳು ತೆಗೆದು, ಕೊರೆಯುವ ಚಳಿಯಲ್ಲಿ ಕಾಂತಕ್ಷೇತ್ರಕ್ಕೆ ಒಡ್ಡಿ ಅದರ ರೋಧ ಅಳೆಯುವುದು ಇಬ್ಬರ ಕೆಲಸ. ಕ್ಷೇತ್ರ ಹೆಚ್ಚಿಸಿದಂತೆ ರೋಧ ಒಂದೇ ಸಮನೆ ಏರಬೇಕಿತ್ತು. ಅದು ಏರುತ್ತ ಏರುತ್ತ ಅಲೆಯಲೆಯಾಗಿ ಬಳುಕಿತು. ಅದೇ ವರ್ಷ ಡಿ ಹಾಸ್ ಮತ್ತು ಅವನ ಶಿಷ್ಯ ವಾನ್ ಆಲ್ಫೆನ್ ಬಿಸ್ಮತ್ತಿನ ಕಾಂತಗುಣದಲ್ಲೂ ಇಂಥದೇ ಬಳುಕು ಕಂಡರು. ಇಂದಿಗೂ ಈ ಎರಡು ಪರಿಣಾಮಗಳಿಗೆ ಅವರದೇ ಹೆಸರು.

ಕಾಕತಾಳೀಯವೆಂದರೆ ಇದೇ 1930ರಲ್ಲಿ 22 ವರ್ಷದ ಲೆವ್ ಲಾಂಡೌ ಬರೀ ಲೆಕ್ಕದ ಬಲದಿಂದ ಇಂಥ ಏರಿಳಿತ ಇರಲೇಬೇಕು ಎಂದು ತೋರಿಸಿದ್ದ. ಆದರೆ ಪ್ರಯೋಗಾಲಯದ ಕಾಂತಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳಲಾರದು ಎಂದೂ ಬರೆದುಬಿಟ್ಟ. ಲೈಡನ್ನಿನ ಸುದ್ದಿ ಅವನಿಗೆ ತಲುಪಿರಲಿಲ್ಲ.

ಶುಬ್ನಿಕೋವ್ ಆಮೇಲೆ ಸೋವಿಯತ್ ಒಕ್ಕೂಟಕ್ಕೆ ಮರಳಿ ಖಾರ್ಕೀವ್‌ನಲ್ಲಿ ದೊಡ್ಡ ಶೀತಪ್ರಯೋಗಾಲಯ ಕಟ್ಟಿದ. 1937ರ ನವೆಂಬರಿನಲ್ಲಿ ಸ್ಟಾಲಿನ್ನನ ಪೊಲೀಸರು ಸುಳ್ಳು ಆರೋಪ ಹೊರಿಸಿ ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು 36. ನಿರಪರಾಧಿ ಎಂದು ಸರ್ಕಾರ ಒಪ್ಪಿಕೊಂಡದ್ದು 1957ರಲ್ಲಿ. ಅವನು ಕಂಡ ಬಳುಕು ಮಾತ್ರ ಮುಂದೆ ಲೋಹಗಳನ್ನು ಓದುವ ಭೌತವಿಜ್ಞಾನಿಗಳ ಅಳತೆಗೋಲಾಯಿತು.

ಬಳುಕು ಏಕೆ ಬರುತ್ತದೆ? ಕಾಂತಕ್ಷೇತ್ರದಲ್ಲಿ ಚಲಿಸುವ ಎಲೆಕ್ಟ್ರಾನ್ ನೇರವಾಗಿ ಹೋಗದೆ ಸುತ್ತು ಹೊಡೆಯುತ್ತದೆ. ಕ್ವಾಂಟಮ್ ನಿಯಮದ ಪ್ರಕಾರ ಮನಬಂದ ಸುತ್ತಿಗೆ ಅವಕಾಶವಿಲ್ಲ. ಕೆಲವೇ ಶಕ್ತಿಮಟ್ಟಗಳಿಗೆ ಅನುಮತಿ. ಇವೇ ಲಾಂಡೌ ಮಟ್ಟಗಳು. ಕ್ಷೇತ್ರ ಹೆಚ್ಚಿದಂತೆ ಮಟ್ಟಗಳ ನಡುವಿನ ಅಂತರವೂ ಹಿಗ್ಗುತ್ತದೆ. ಲೋಹದಲ್ಲಿ ಎಲೆಕ್ಟ್ರಾನುಗಳು ಒಂದು ನಿರ್ದಿಷ್ಟ ಎತ್ತರದವರೆಗೆ ಮಾತ್ರ ತುಂಬಿಕೊಂಡಿರುತ್ತವೆ. ಹಿಗ್ಗುವ ಮಟ್ಟಗಳು ಒಂದೊಂದಾಗಿ ಆ ಎತ್ತರವನ್ನು ದಾಟಿ ಖಾಲಿಯಾಗುತ್ತವೆ. ಹಾಗೆ ಒಂದು ಮಟ್ಟ ದಾಟಿದಾಗಲೆಲ್ಲ ರೋಧ ಒಮ್ಮೆ ಏರಿ ಇಳಿಯುತ್ತದೆ. ಈ ಏರಿಳಿತಕ್ಕೆ ಒಂದು ತಾಳವಿದೆ. ಆದರೆ ಕ್ಷೇತ್ರದ ಅಂಕಿಗಳಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಒಂದನ್ನು ಕ್ಷೇತ್ರದಿಂದ ಭಾಗಿಸಿ ಬಂದ ಅಂಕಿಯನ್ನು ಅಡ್ಡಗೆರೆಯ ಮೇಲೆ ಗುರುತಿಸಿದರೆ ಅಲೆಗಳು ಸಮಾನ ದೂರದಲ್ಲಿ ಸಾಲುಗಟ್ಟುತ್ತವೆ.

1952ರಲ್ಲಿ ಲಾರ್ಸ್ ಓನ್ಸಾಗರ್ ಒಂದು ಪುಟ್ಟ ಟಿಪ್ಪಣಿಯಲ್ಲಿ ಈ ತಾಳದ ಗುಟ್ಟು ಬಿಡಿಸಿದ. ಎಲೆಕ್ಟ್ರಾನುಗಳ ಸಂವೇಗಗಳನ್ನು ನಕ್ಷೆಯಲ್ಲಿ ಗುರುತಿಸಿದರೆ, ತುಂಬಿದ ಭಾಗಕ್ಕೂ ಖಾಲಿ ಭಾಗಕ್ಕೂ ನಡುವೆ ಒಂದು ಗಡಿ ಮೂಡುತ್ತದೆ. ಅದು ಫರ್ಮಿ ಮೇಲ್ಮೈ. ಏರಿಳಿತದ ಆವರ್ತನ ಆ ಮೇಲ್ಮೈಯ ಅಡ್ಡಸೀಳಿನ ವಿಸ್ತೀರ್ಣವನ್ನು ನೇರವಾಗಿ ಕೊಡುತ್ತದೆ. ನಡುವೆ ಯಾವ ಊಹೆಗೂ ಜಾಗವಿಲ್ಲ. ಈ ಆವರ್ತನವನ್ನು ಟೆಸ್ಲಾದಲ್ಲೇ ಹೇಳುವುದು ವಾಡಿಕೆ. ತಾಮ್ರದ ಫರ್ಮಿ ಮೇಲ್ಮೈಯ ಹೊಟ್ಟೆಭಾಗಕ್ಕೆ ಅದು ಸುಮಾರು 58,000 ಟೆಸ್ಲಾ, ಅದರ ಸಪೂರ ಕೊರಳಿಗೆ ಸುಮಾರು 2,200. ನಮ್ಮ ಯುರೋಪಿಯಂ ಹರಳಿನಲ್ಲಿ 2019ರಲ್ಲಿ ಅಳೆದ ವಿಸ್ತೀರ್ಣವನ್ನು ಓನ್ಸಾಗರನ ಸೂತ್ರಕ್ಕೆ ಹಾಕಿದರೆ ಬರುವುದು ಬರೀ 25 ಟೆಸ್ಲಾ. ತಾಮ್ರದೆದುರು ಅದು ಚುಕ್ಕೆಯಷ್ಟು. ವಿದ್ಯುತ್ ಒಯ್ಯುವ ಕಣಗಳು ಆ ಹರಳಿನಲ್ಲಿ ಎಷ್ಟು ವಿರಳ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಈ ಅಳತೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹರಳು ಕೆಲವೇ ಮಿಲಿಮೀಟರ್ ಉದ್ದದ್ದು. ಸೂಕ್ಷ್ಮದರ್ಶಕದ ಕೆಳಗೆ ಅದರ ಮೇಲೆ ಕೂದಲಿಗಿಂತ ತೆಳುವಾದ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಅಂಟಿನಿಂದ ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ತಂತಿ ಅಲುಗುತ್ತದೆ. ಹೊರಗಿನ ಎರಡು ತಂತಿಗಳಲ್ಲಿ ವಿದ್ಯುತ್ ಹರಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಓದುತ್ತಾರೆ. ಹರಳನ್ನು ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಕ್ಕಿಳಿಸಿ, ಕಾಂತಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತಾರೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ; ಇಲ್ಲಿ 9, 14, ಬೇಕಿದ್ದರೆ ಅಮೆರಿಕದ ಟಲಹಾಸಿ ಪ್ರಯೋಗಾಲಯಕ್ಕೆ ಹೋಗಿ 45. ಪರದೆಯ ಮೇಲೆ ಮೊದಲು ಮೂಡುವುದು ಏರುಗೆರೆಯೊಂದೇ. ಆ ಏರನ್ನು ಕಳೆದ ಮೇಲಷ್ಟೇ ಅಡಿಯಲ್ಲಿ ಅಡಗಿದ್ದ ಸಣ್ಣ ಅಲೆಗಳು ಕಾಣುವುದು. ಉಷ್ಣತೆ ಹೆಚ್ಚಿಸಿದರೆ ಅಲೆಗಳು ಎಷ್ಟು ಬೇಗ ಸಾಯುತ್ತವೆ ಎಂಬುದರಿಂದ ಕಣದ ತೂಕವೂ ಸಿಗುತ್ತದೆ. ನಮ್ಮ ಹರಳಿನಲ್ಲಿ ಅದು ಮುಕ್ತ ಎಲೆಕ್ಟ್ರಾನಿನ ದ್ರವ್ಯರಾಶಿಯ 0.08 ಪಾಲು.

ಒಂದೇ ಷರತ್ತು: ಕಣವೊಂದು ಯಾವ ಕಲ್ಮಶಕ್ಕೂ ಡಿಕ್ಕಿ ಹೊಡೆಯದೆ ಒಂದು ಸುತ್ತಿನ ಗಣನೀಯ ಭಾಗವನ್ನಾದರೂ ಮುಗಿಸಬೇಕು. ಶುಬ್ನಿಕೋವ್ ಹರಳು ತೊಳೆದು ತೊಳೆದು ಸೋಸಿದ್ದು ಸುಮ್ಮನಲ್ಲ.

ಇನ್ನು ಅರೆಲೋಹದ ವಿಚಾರ. ಘನವಸ್ತುವಿನಲ್ಲಿ ಎಲೆಕ್ಟ್ರಾನುಗಳಿಗೆ ಸಿಗುವ ಶಕ್ತಿಗಳು ಪಟ್ಟೆಪಟ್ಟೆಯಾಗಿ, ಅಂದರೆ ಬ್ಯಾಂಡುಗಳಾಗಿ ಜೋಡಣೆಗೊಂಡಿರುತ್ತವೆ. ತುಂಬಿದ ಬ್ಯಾಂಡಿಗೂ ಮೇಲಿನ ಖಾಲಿ ಬ್ಯಾಂಡಿಗೂ ನಡುವೆ ಕಂದಕವಿದ್ದರೆ ಅದು ಅವಾಹಕ. ಕಂದಕ ಕಿರಿದಾದರೆ ಅರೆವಾಹಕ. ಎರಡೂ ಬ್ಯಾಂಡುಗಳು ತುಸು ತಾಕಿದರೆ, ಇಲ್ಲವೇ ಕೊಂಚ ಒಂದರೊಳಗೊಂದು ಸೇರಿದರೆ ಅರೆಲೋಹ. ಬಿಸ್ಮತ್ ಅಂಥದ್ದು: ಸುಮಾರು ಒಂದು ಲಕ್ಷ ಪರಮಾಣುಗಳಿಗೆ ವಿದ್ಯುತ್ ಒಯ್ಯುವ ಒಂದೇ ಎಲೆಕ್ಟ್ರಾನ್. ಅದರ ಫರ್ಮಿ ಮೇಲ್ಮೈ ಪುಟ್ಟದಾದ್ದರಿಂದಲೇ 1930ರ ಸಾಧಾರಣ ಕಾಂತಗಳಿಗೂ ಏರಿಳಿತ ಸಿಕ್ಕಿಬಿದ್ದದ್ದು.

ಬ್ಯಾಂಡುಗಳು ತಾಕುವ ಬಗೆಯಲ್ಲೂ ವಿಶೇಷವಿದೆ. ಕೆಲವು ಹರಳುಗಳಲ್ಲಿ ಎರಡು ಬ್ಯಾಂಡುಗಳು ಒಂದೇ ಬಿಂದುವಿನಲ್ಲಿ ಒಂದನ್ನೊಂದು ದಾಟುತ್ತವೆ. ಅಲ್ಲಿನ ಎಲೆಕ್ಟ್ರಾನ್, ದ್ರವ್ಯರಾಶಿಯೇ ಇಲ್ಲದ ಕಣಕ್ಕಾಗಿ 1929ರಲ್ಲಿ ಹರ್ಮನ್ ವೈಲ್ ಬರೆದ ಸಮೀಕರಣದಂತೆ ನಡೆದುಕೊಳ್ಳುತ್ತದೆ. ಈ ವೈಲ್ ಬಿಂದುಗಳು ಹಟಮಾರಿಗಳು. ಹರಳನ್ನು ತುಸು ಹಿಸುಕಿ, ಎಳೆದರೆ ಅವು ಜರುಗುತ್ತವೆಯೇ ಹೊರತು ಮಾಯವಾಗುವುದಿಲ್ಲ. ಅವು ಯಾವಾಗಲೂ ಜೋಡಿ, ಒಂದಕ್ಕೆ ಧನ ಚಿಹ್ನೆ, ಇನ್ನೊಂದಕ್ಕೆ ಋಣ ಚಿಹ್ನೆ. ಎರಡನ್ನೂ ಒಂದೆಡೆ ತಂದು ಕೂಡಿಸಿದರೆ ಮಾತ್ರ ಅಳಿಯುತ್ತವೆ. ಎಷ್ಟು ತಿದ್ದಿದರೂ ಅಳಿಯದ ಇಂಥ ಗುಣಗಳ ಲೆಕ್ಕವೇ ಬ್ಯಾಂಡ್ ಟೋಪಾಲಜಿ.

ಇಂಥ ದಾಟುಬಿಂದುವನ್ನು ಸುತ್ತುಹಾಕುವ ಎಲೆಕ್ಟ್ರಾನಿಗೆ ಏನಾಗುತ್ತದೆ? ಹೆಗಲಚೀಲದ ಪಟ್ಟಿಯನ್ನು ಅರ್ಧ ತಿರುಚಿ ಹೊಲಿದುಬಿಟ್ಟರೆ, ಪಟ್ಟಿಯ ಗುಂಟ ಬೆರಳಾಡಿಸುತ್ತ ಒಂದು ಸುತ್ತು ಬಂದಾಗ ಬೆರಳು ಹಿಂಬದಿಯಲ್ಲಿರುತ್ತದೆ. ಎಲೆಕ್ಟ್ರಾನಿನ ಅಲೆಯೂ ಹಾಗೆಯೇ, ಒಂದು ಸುತ್ತು ಮುಗಿಸಿ ಬಂದಾಗ ತಲೆಕೆಳಗಾಗಿರುತ್ತದೆ. ಈ ತಿರುಚಿಗೆ ಬೆರ್ರಿ ಫೇಸ್ ಎಂದು ಹೆಸರು. ಇದರ ಪರಿಣಾಮವಾಗಿ ಏರಿಳಿತದ ಶಿಖರಗಳು ಇರಬೇಕಾದಲ್ಲಿ ಕಣಿವೆಗಳು ಬರುತ್ತವೆ. ಅಲೆಗಳ ಸಾಲು ಅರ್ಧ ಹೆಜ್ಜೆ ಸರಿಯುತ್ತದೆ. 2005ರಲ್ಲಿ ಮ್ಯಾಂಚೆಸ್ಟರ್ ಮತ್ತು ನ್ಯೂಯಾರ್ಕಿನ ಎರಡು ತಂಡಗಳು ಗ್ರಾಫೀನಿನಲ್ಲಿ ಈ ಅರ್ಧ ಹೆಜ್ಜೆಯನ್ನು ಕಂಡವು. ಅಂದಿನಿಂದ ಹೊಸ ಹರಳು ಕೈಗೆ ಬಂದೊಡನೆ ಏರಿಳಿತ ಅಳೆದು, ಅರ್ಧ ಹೆಜ್ಜೆ ಸರಿದಿದೆಯೇ ಎಂದು ನೋಡುವುದು ಒಂದು ರೂಢಿಯೇ ಆಗಿಹೋಯಿತು.

ಈ ತಿರುಚಿನ ಪೂರ್ವಕಥೆ ಬೆಂಗಳೂರಿನಲ್ಲಿದೆ. ಬ್ರಿಸ್ಟಲ್ಲಿನ ಮೈಕೆಲ್ ಬೆರ್ರಿ ತನ್ನ ಸಿದ್ಧಾಂತ ಮಂಡಿಸಿದ್ದು 1984ರಲ್ಲಿ. ಅದಕ್ಕೆ 28 ವರ್ಷ ಮೊದಲೇ, 1956ರಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಬೆಳಕಿನ ಧ್ರುವೀಕರಣದಲ್ಲಿ ಇದೇ ಗುಣವನ್ನು ಗುರುತಿಸಿದ್ದರು. ಸಿ.ವಿ. ರಾಮನ್ನರ ಸೋದರಳಿಯನಾದ ಅವರಿಗೆ ಆಗ 22 ವರ್ಷ. ಅಯೋಲೈಟ್‌ನಂಥ ಬಣ್ಣ ಹೀರುವ ಹರಳುಗಳ ಮೂಲಕ ಬೆಳಕು ಹಾಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದವರು ಅವರು. ಬೆಳಕಿನ ಧ್ರುವೀಕರಣವನ್ನು ಒಂದು ಸುತ್ತು ತಿರುಗಿಸಿ ಮೊದಲಿನ ಸ್ಥಿತಿಗೆ ತಂದರೂ ಅಲೆಯಲ್ಲಿ ಒಂದಿಷ್ಟು ವ್ಯತ್ಯಾಸ ಉಳಿಯುತ್ತದೆ, ಅದು ಸುತ್ತಿದ ದಾರಿಯ ಆಕಾರದಿಂದಲೇ ನಿರ್ಧಾರವಾಗುತ್ತದೆ ಎಂದು ಅವರು ತೋರಿಸಿದರು. ಲೇಖನ ಭಾರತೀಯ ಪತ್ರಿಕೆಯಲ್ಲಿ ಬಂತು, ಹೊರಗಿನವರು ಗಮನಿಸಲಿಲ್ಲ. ಪಂಚರತ್ನಂ 1969ರಲ್ಲಿ, 35ನೇ ವಯಸ್ಸಿಗೆ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. 1986ರಲ್ಲಿ ಬೆಂಗಳೂರಿನವರೇ ಆದ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ 'ಕರೆಂಟ್ ಸೈನ್ಸ್'ನಲ್ಲಿ ಆ ಹಳೆಯ ಕೆಲಸದತ್ತ ಬೊಟ್ಟು ಮಾಡಿದ ಮೇಲೆ ಬೆರ್ರಿ ಮರುವರ್ಷವೇ ಅದನ್ನು ಮುಕ್ತವಾಗಿ ಒಪ್ಪಿ ಬರೆದ. ದೃಗ್ವಿಜ್ಞಾನದಲ್ಲಿ ಇಂದು ಅದು ಪಂಚರತ್ನಂ ಫೇಸ್. ಎಲೆಕ್ಟ್ರಾನುಗಳ ಲೋಕದಲ್ಲಿ ಮಾತ್ರ ಬೆರ್ರಿಯ ಹೆಸರೇ ನಿಂತಿದೆ.

ವೈಲ್ ಬಿಂದುಗಳು ಮೂಡಬೇಕಾದರೆ ಹರಳಿನ ಯಾವುದಾದರೂ ಒಂದು ಸಮ್ಮಿತಿ ಮುರಿಯಬೇಕು. ಪರಮಾಣುಗಳ ಜೋಡಣೆಯಲ್ಲಿನ ಸಮ್ಮಿತಿ ಮುರಿದರೂ ಆದೀತು, ಹರಳು ಕಾಂತವಾದರೂ ಆದೀತು. 2011ರಲ್ಲಿ ಅಶ್ವಿನ್ ವಿಶ್ವನಾಥ್ ಮತ್ತು ಸಂಗಡಿಗರು ಮೊದಲ ಸಲ ವೈಲ್ ಅರೆಲೋಹವನ್ನು ಊಹಿಸಿದಾಗ ಹೆಸರಿಸಿದ್ದು ಇರಿಡಿಯಂ ಇರುವ ಕಾಂತೀಯ ಆಕ್ಸೈಡುಗಳನ್ನು. ಆದರೆ 2015ರಲ್ಲಿ ಪ್ರಯೋಗಗಳಿಗೆ ಮೊದಲು ಸಿಕ್ಕಿದ್ದು ಕಾಂತವಲ್ಲದ ಟ್ಯಾಂಟಲಮ್ ಆರ್ಸೆನೈಡ್. ಅದರಲ್ಲಿ 24 ವೈಲ್ ಬಿಂದುಗಳ ಸಂತೆ. ಯಾವ ಪರಿಣಾಮ ಯಾವ ಬಿಂದುವಿನದು ಎಂದು ಬಿಡಿಸುವುದು ಕಷ್ಟ. ಕಾಂತವಲ್ಲದ ಹರಳಿನಲ್ಲಿ ಕನಿಷ್ಠ ನಾಲ್ಕು ಬಿಂದುಗಳಾದರೂ ಬೇಕು; ಕಾಂತೀಯ ಹರಳಿಗೆ ಎರಡೇ ಸಾಕು. ಅದಕ್ಕೇ ಎಲ್ಲರೂ ಕಾಂತಗಳ ಬೆನ್ನುಹತ್ತಿದ್ದು.

ಕೋಬಾಲ್ಟ್, ತವರ, ಗಂಧಕ ಸೇರಿದ ಒಂದು ಹರಳು ಈ ಬೇಟೆಯಲ್ಲಿ ಗೆದ್ದು ನಿಂತಿದೆ. ಸೊನ್ನೆಗಿಂತ 96 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದು ಕಾಂತವಾಗುತ್ತದೆ. ಅದರಲ್ಲಿ ವಿದ್ಯುತ್ ಹರಿಸಿದರೆ, ಹೊರಗಿನಿಂದ ಯಾವ ಕ್ಷೇತ್ರ ಹಾಕದಿದ್ದರೂ, ಪ್ರವಾಹ ಪಕ್ಕಕ್ಕೆ ವಾಲುತ್ತದೆ. 2018ರ ಅಳತೆಯಲ್ಲಿ ಈ ವಾಲಿಕೆ ಶೇಕಡಾ 20ರವರೆಗೆ ಮುಟ್ಟಿತ್ತು. 2019ರಲ್ಲಿ ಬೇರೆಬೇರೆ ತಂಡಗಳು ಬೇರೆಬೇರೆ ಉಪಕರಣಗಳಲ್ಲಿ ಅದರ ವೈಲ್ ಗುಣವನ್ನು ಕಣ್ಣಾರೆ ಕಂಡವು. ಆದರೂ ಅದರಲ್ಲಿ ಮೂರು ಜೋಡಿ ಬಿಂದುಗಳು. ಒಂದೇ ಜೋಡಿ ಇರುವ ಹರಳು ಬೇಕು ಎಂಬ ಆಸೆ ಉಳಿದೇ ಇತ್ತು. ಆ ಆಸೆಯ ಹೊತ್ತಿಗೆ ಸರಿಯಾಗಿ ಬಂದದ್ದು ಯುರೋಪಿಯಂ ಹರಳು.

ಕಾಂತೀಯ ಹರಳಿನಲ್ಲಿ ಏರಿಳಿತ ಓದುವುದು ಅಷ್ಟು ಸಲೀಸಲ್ಲ. ಹೊರಗಿನ ಕ್ಷೇತ್ರ ಹೆಚ್ಚಿಸಿದಾಗ ಒಳಗಿನ ಪುಟ್ಟ ಕಾಂತಗಳೂ ತಲೆ ತಿರುಗಿಸುತ್ತವೆ, ಅವು ತಿರುಗಿದಂತೆ ಬ್ಯಾಂಡುಗಳೇ ಜರುಗುತ್ತವೆ. ಅಂದರೆ ಯಾವುದನ್ನು ಅಳೆಯಲು ಹೊರಟೆವೋ ಆ ಮೇಲ್ಮೈಯೇ ಅಳೆಯುವಾಗ ಬದಲಾಗುತ್ತಿರುತ್ತದೆ. ಇನ್ನು ಅರ್ಧ ಹೆಜ್ಜೆಯ ವಿಷಯ. ಎಲೆಕ್ಟ್ರಾನಿನ ಗಿರಕಿ (ಸ್ಪಿನ್), ಅದರ ಸುತ್ತಾಟದ ಕಾಂತಗುಣ, ಮೂರು ಆಯಾಮದ ಮೇಲ್ಮೈಯ ಬಾಗು, ಇವೆಲ್ಲವೂ ಅಲೆಯನ್ನು ಒಂದಿಷ್ಟು ಆಚೀಚೆ ಸರಿಸಬಲ್ಲವು. ಬರೀ ಐದಾರು ಅಲೆಗಳಿಗೆ ಗೆರೆ ಎಳೆದು, ಗೆರೆ ಅರ್ಧದ ಹತ್ತಿರ ಮುಟ್ಟಿತೆಂದು ಟೋಪಾಲಜಿ ಘೋಷಿಸುವುದು ದುಡುಕು. ವಿಸ್ತೀರ್ಣದ ಮಟ್ಟಿಗೆ ಏರಿಳಿತ ಹರಿಶ್ಚಂದ್ರ; ಟೋಪಾಲಜಿಯ ಪ್ರಶ್ನೆ ಬಂದಾಗ ಅದು ಹೇಳುವುದು ಕೇಳುವವನ ಊಹೆಯನ್ನು ಅವಲಂಬಿಸಿರುತ್ತದೆ.

ಯುರೋಪಿಯಂ ಹರಳು ಎಡವಿಸಿದ್ದು ಇಂಥ ಕಡೆಗಳಲ್ಲೇ. ಅದು ಸಾಮಾನ್ಯವಾಗಿ ಸುಮಾರು 9.5 ಕೆಲ್ವಿನ್‌ಗಿಂತ (ಅಂದರೆ ನಿರಪೇಕ್ಷ ಸೊನ್ನೆಯಿಂದ ಅಷ್ಟು ಡಿಗ್ರಿ ಮೇಲಕ್ಕಿಂತ) ಕೆಳಗೆ, ಒಳಗಿನ ಕಾಂತಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡುವ ವಸ್ತು. 2020ರಲ್ಲಿ ಬೆಳೆಸುವ ವಿಧಾನ ಬದಲಿಸಿ ನೋಡಿದಾಗ ಅದೇ ಹರಳು 26 ಕೆಲ್ವಿನ್‌ನಲ್ಲೇ ಎಲ್ಲ ಕಾಂತಗಳೂ ಒಂದೇ ದಿಕ್ಕಿಗೆ ನಿಲ್ಲುವ ವಸ್ತುವಾಯಿತು. ಪರಮಾಣುಗಳ ಸಣ್ಣಪುಟ್ಟ ಕೊರತೆಗೇ ಇಷ್ಟು ಬದಲಾಗುವ ಹರಳಿನ ಬಗ್ಗೆ ಆಗಲೇ ಅನುಮಾನ ಬರಬೇಕಿತ್ತು.

2023ರ ತಂಡ ಕಲ್ಮಶ ಬಹಳ ಕಡಿಮೆ ಇರುವ ಹರಳುಗಳನ್ನು ಹಿಡಿದು ಅವುಗಳ ಮೇಲೆ ಬೆಳಕು ಹಾಯಿಸಿತು. ಅರೆಲೋಹವಾಗಿದ್ದರೆ ಎಷ್ಟೇ ಕಡಿಮೆ ಶಕ್ತಿಯ ಬೆಳಕನ್ನೂ ಅದು ಒಂದಿಷ್ಟು ಹೀರಬೇಕು. ಆದರೆ ಹರಳು 0.77 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಶಕ್ತಿಯ ಬೆಳಕನ್ನು ಹಾಗೆಯೇ ಹಾಯಗೊಟ್ಟಿತು. ಕಂದಕದ ಅಗಲ ಅಷ್ಟು! ಜರ್ಮೇನಿಯಂನ ಕಂದಕವೇ ಸುಮಾರು 0.67. ಕಡೆಗೆ ಎಲೆಕ್ಟ್ರಾನುಗಳನ್ನು ಲೇಸರಿನಿಂದ ಮೇಲಕ್ಕೆ ಹಾರಿಸಿ ಚಿತ್ರ ತೆಗೆದಾಗ ದೂರದಲ್ಲಿ ಕೂತಿದ್ದ ಖಾಲಿ ಬ್ಯಾಂಡೂ ಕಾಣಿಸಿಕೊಂಡಿತು.

ಹಾಗಿದ್ದರೆ ಹಳೆಯ ಮೂರು ಪುರಾವೆಗಳು? ಬೆಳಕಿನಿಂದ ಎಲೆಕ್ಟ್ರಾನ್ ಹೊರಗೆಳೆಯುವ ಸಾಮಾನ್ಯ ವಿಧಾನ ತುಂಬಿದ ಬ್ಯಾಂಡುಗಳನ್ನಷ್ಟೇ ತೋರಿಸುತ್ತದೆ. ಹಳೆಯ ಹರಳುಗಳಲ್ಲಿ ಕಲ್ಮಶಗಳಿಂದಾಗಿ ಎಲೆಕ್ಟ್ರಾನುಗಳು ಕೊಂಚ ಕಡಿಮೆಯಿದ್ದು, ತುಂಬಿದ ಬ್ಯಾಂಡಿನ ತುದಿ ಖಾಲಿಯಾಗಿತ್ತು. ಮೇಲೆ ಕಂದಕವಿದೆಯೋ ದಾಟುಬಿಂದುವಿದೆಯೋ ಎಂಬುದು ಚಿತ್ರದ ಚೌಕಟ್ಟಿನಾಚೆ ಉಳಿದುಹೋಗಿತ್ತು. ಅಲ್ಲಿ ಕಾಣದ್ದನ್ನು ಕಂಪ್ಯೂಟರ್ ಲೆಕ್ಕ ತುಂಬಿಕೊಟ್ಟಿತು. ಆ ಲೆಕ್ಕದ ವಿಧಾನಕ್ಕೆ ಕಂದಕವನ್ನು ಕಿರಿದು ಮಾಡಿ ತೋರಿಸುವ ಹಳೆಯ ಚಾಳಿಯಿದೆ. ಇಲ್ಲಿ ಕಂದಕವನ್ನೇ ನುಂಗಿಹಾಕಿತ್ತು. ಇನ್ನು ಏರಿಳಿತ. 25 ಟೆಸ್ಲಾದ ಆ ತಾಳ ನಿಜವೇ. ಆದರೆ ಕಲ್ಮಶ ಕೆರೆದು ಖಾಲಿ ಮಾಡಿದ ಬ್ಯಾಂಡ್ ತುದಿಯಲ್ಲೂ ಪುಟ್ಟ ಫರ್ಮಿ ಮೇಲ್ಮೈ ಇರುತ್ತದೆ, ಅದೂ ತಾಳ ಹಾಕುತ್ತದೆ. ಮೇಲ್ಮೈ ಪುಟ್ಟದು ಎಂದು ಅಳತೆ ಹೇಳಿತ್ತು. ಅದು ವೈಲ್ ಬಿಂದುವಿನ ಸುತ್ತಲಿನದು ಎಂದು ಹೇಳಿದವರು ಮನುಷ್ಯರು. ಮುಂದೆ ಬೇರೊಂದು ತಂಡ ಕಣಗಳ ಸಂಖ್ಯೆ ಬೇರೆಬೇರೆಯಿರುವ ಹರಳುಗಳಲ್ಲಿ ಪ್ರವಾಹದ ಪಕ್ಕವಾಲಿಕೆಯನ್ನು ಅಳೆದು, ವೈಲ್ ಬಿಂದುಗಳ ಸುಳಿವಿಲ್ಲ ಎಂದು ಸೇರಿಸಿತು.

ಇಷ್ಟಾದರೂ ಹರಳು ಮೂಲೆಗುಂಪಾಗಿಲ್ಲ. 2 ಟೆಸ್ಲಾ ಕ್ಷೇತ್ರ ಹಾಕಿದರೆ ಅದರ ಕಂದಕ 125 ಮಿಲಿ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಕುಗ್ಗುತ್ತದೆ. ಅದೇ ಕ್ಷೇತ್ರದಲ್ಲಿ ಒಂಟಿ ಎಲೆಕ್ಟ್ರಾನಿನ ಗಿರಕಿಯ ಶಕ್ತಿ ಬದಲಾಗುವುದು ಸುಮಾರು 0.1 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಉಳಿದದ್ದೆಲ್ಲ ಯುರೋಪಿಯಂ ಕಾಂತಗಳ ಕೊಡುಗೆ. ಬೆಳಕಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 1,600 ನ್ಯಾನೋಮೀಟರ್ ಹತ್ತಿರವಿದ್ದ ಹೀರಿಕೆಯ ಗಡಿ 1,900 ದಾಟುತ್ತದೆ. ಆಪ್ಟಿಕಲ್ ಫೈಬರಿನಲ್ಲಿ ಇಂಟರ್ನೆಟ್ ಒಯ್ಯುವ 1,550 ನ್ಯಾನೋಮೀಟರಿನ ಬೆಳಕು ಅಲ್ಲಿಂದ ಬಹಳ ದೂರವೇನಲ್ಲ. ವೈಲ್ ಬಿಂದುಗಳ ಆಸೆ ಬಿಟ್ಟವರು ಈಗ ಅದನ್ನು ಕಾಂತದಿಂದ ತಿದ್ದಬಹುದಾದ ಅರೆವಾಹಕವೆಂದೇ ಓದುತ್ತಿದ್ದಾರೆ. ಒಂದೇ ಜೋಡಿ ಬಿಂದುವಿನ ಹರಳು ಹುಡುಕುವವರು ಬೇರೆ ಸಂಯುಕ್ತಗಳ ಕಡೆ ಹೊರಳಿದ್ದಾರೆ.